ಪ್ರಾಕ್ಸ್‌ಮಾಕ್ಸ್ ಮೇಲೆ ಫ್ರೀಬಿಎಸ್‌ಡಿಯ ವಿಟಿನೆಟ್ ಡ್ರೈವರ್: ಪಿಂಗ್ ಹೋಗುತ್ತೆ, ಪೇಜ್ ಬರಲ್ಲ ಅನ್ನೋರಿಗೆ ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಈ ಡ್ರೈವರ್ ಚೆನ್ನಾಗಿದೆ, ನಾನಂತೂ ಬಿಡಲ್ಲ, ಕೇಳಿದವ್ರಿಗೂ ಇದನ್ನೇ ಹಾಕ್ಕೊಳಿ ಅಂತೀನಿ. ಆದ್ರೆ ರೂಟರ್ ಆಗೋ ವಿಎಮ್‌ಗೆ (ಕಂಪ್ಯೂಟರ್ ಒಳಗೇ ಓಡೋ ವರ್ಚುವಲ್ ಕಂಪ್ಯೂಟರ್‌ಗೆ) ಹಾಕ್ತಿದ್ರೆ ಬಂದ ಸೆಟ್ಟಿಂಗ್‌ನಲ್ಲೇ ಓಡಿಸ್ಬೇಡಿ, ಚೆಕ್‌ಸಮ್ ಆಫ್‌ಲೋಡ್ ಅನ್ನೋದನ್ನ, ಅಂದ್ರೆ ಪ್ಯಾಕೆಟ್ ಕೆಟ್ಟಿಲ್ಲ ಅಂತ ನೋಡೋ ಲೆಕ್ಕವನ್ನ ನೆಟ್‌ವರ್ಕ್ ಕಾರ್ಡಿಗೆ ಬಿಡೋದನ್ನ, ಆಫ್ ಮಾಡಿ ಆಮೇಲೆ ಮಿಕ್ಕಿದ್ದು. ಈ ಒಂದು ವಿಷಯ ಗೊತ್ತಿಲ್ದೆ ಎಷ್ಟೋ ಜನ ಫೈರ್‌ವಾಲ್ ರೂಲೆಲ್ಲಾ ಕಿತ್ತು ಹಾಕಿ, ಡಿಎನ್‌ಎಸ್ ಬದಲಾಯ್ಸಿ, ಇಂಟರ್ನೆಟ್ ಕೊಟ್ಟವ್ರಿಗೆ ಫೋನ್ ಮೇಲೆ ಫೋನ್ ಮಾಡಿ, ಕೊನೆಗೆ "ಫ್ರೀಬಿಎಸ್‌ಡಿ ಸಹವಾಸವೇ ಬೇಡಪ್ಪ" ಅಂತ ಬಿಟ್ಟು ಹೋಗ್ತಾರೆ. ಒಳ್ಳೆ ಸಿಸ್ಟಮ್ ಒಂದು ಇಷ್ಟಕ್ಕೆಲ್ಲ ಕೈಬಿಟ್ಟು ಹೋಗೋದು ನೋಡಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ, ಅದ್ಕೇ ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ.

ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಪ್ರಾಕ್ಸ್‌ಮಾಕ್ಸ್ ಅಂದ್ರೆ ಒಂದೇ ಮೆಷಿನ್‌ನಲ್ಲಿ ಹಲವು ವಿಎಮ್ ಓಡಿಸೋ ಸಿಸ್ಟಮ್, ಫ್ರೀಬಿಎಸ್‌ಡಿ ಅಂದ್ರೆ ಲಿನಕ್ಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ವಿಟಿನೆಟ್ ಅಂದ್ರೆ ಫ್ರೀಬಿಎಸ್‌ಡಿ ಒಳಗೇ ಬರೋ ವರ್ಚುವಲ್ ನೆಟ್‌ವರ್ಕ್ ಕಾರ್ಡಿನ ಡ್ರೈವರ್. ಕೆವಿಎಮ್ (ವಿಎಮ್ ಓಡಿಸೋಕೆ ಲಿನಕ್ಸ್ ಒಳಗೇ ಇರೋ ವ್ಯವಸ್ಥೆ) ಮೇಲೆ ವಿಎಮ್ ಮಾಡಿ ನೆಟ್‌ವರ್ಕ್ ಮಾಡೆಲ್ ಅಂತ ವರ್ಟ್‌ಐಒ ಆರಿಸಿದ್ರೆ ಒಳಗಡೆ ಕಾಣೋದು ಇದೇ, ವಿಟಿನೆಟ್0, ವಿಟಿನೆಟ್1 ಅಂತ. ವರ್ಟ್‌ಐಒ ಅನ್ನೋದು ರಸ್ಟಿ ರಸೆಲ್ ಶುರು ಮಾಡಿದ ಕೆಲ್ಸ, 2008ರಲ್ಲಿ ಲಿನಕ್ಸ್ 2.6.24 ಜೊತೆ ಬಂತು, ಅದಕ್ಕೆ ಒಂದು ವರ್ಷ ಮುಂಚೆ ಕೆವಿಎಮ್ ಲಿನಕ್ಸ್ ಒಳಗೆ ಸೇರಿತ್ತು. ಆಗ ಒಂದೊಂದು ಹೈಪರ್‌ವೈಸರ್‌ಗೂ (ವಿಎಮ್ ಓಡಿಸೋ ಸಾಫ್ಟ್‌ವೇರ್‌ಗೂ) ಒಂದೊಂದು ಥರ ಡ್ರೈವರ್ ಇತ್ತು, ಎಲ್ಲರಿಗೂ ಒಂದೇ ಆಗ್ಲಿ ಅನ್ನೋದು ಉದ್ದೇಶ, ಈಗ ಒಯಾಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಕೂಡ ಆಗಿದೆ. ಫ್ರೀಬಿಎಸ್‌ಡಿಗೆ ಇದನ್ನ ಬರೆದವ್ರು ಬ್ರಯನ್ ವೆಂಟೈಕರ್, 9.0ರಿಂದ ಇದೆ ಅಂತ ಅದರ ಮ್ಯಾನ್ ಪೇಜೇ (ಸಿಸ್ಟಮ್ ಜೊತೆ ಬರೋ ಕೈಪಿಡಿ) ಹೇಳುತ್ತೆ. ಹಾಗಾಗಿ ಇದು ನಿನ್ನೆ ಮೊನ್ನೆ ಬಂದ ಕೂಸಲ್ಲ, ಬೇಕಾದಷ್ಟು ಪಳಗಿದೆ.

ಇದರಲ್ಲಿ ಏನು ಅಂಥಾ ವಿಶೇಷ ಅಂದ್ರೆ, ಇ1000 ಥರ ಎಮ್ಯುಲೇಟ್ ಮಾಡಿದ ಕಾರ್ಡ್ ಹಾಕಿದಾಗ ವಿಎಮ್‌ಗೆ ಹಾರ್ಡ್‌ವೇರ್ ತೋರ್ಸೋ ಕ್ವೆಮು ಅನ್ನೋ ಸಾಫ್ಟ್‌ವೇರ್ ಒಂದು ನಿಜವಾದ ಇಂಟೆಲ್ ಚಿಪ್ ಇದೆ ಅಂತ ನಟಿಸ್ಬೇಕು, 82540ಇಎಮ್ ಅಂತ ಹಳೇ ಗಿಗಾಬಿಟ್ ಚಿಪ್ ಅದು, ವಿಎಮ್ ಒಳಗಿನ ಡ್ರೈವರ್ ಆ ಚಿಪ್‌ನ ರಿಜಿಸ್ಟರ್ ಮುಟ್ಟಿದಾಗೆಲ್ಲ ವಿಎಮ್ ನಿಲ್ಲುತ್ತೆ, ಹೋಸ್ಟ್, ಅಂದ್ರೆ ವಿಎಮ್ ಓಡಿಸ್ತಿರೋ ಹೊರಗಿನ ಮೆಷಿನ್, ಎದ್ದು ಬರುತ್ತೆ, ಕೆಲ್ಸ ಮಾಡಿ ವಾಪಸ್ ಹೋಗುತ್ತೆ, ಹೀಗೇ ಸಿಪಿಯು ಸವೆಯುತ್ತೆ. ವರ್ಟ್‌ಐಒನಲ್ಲಿ ಆ ನಾಟಕವೇ ಇಲ್ಲ. ನಾನು ವಿಎಮ್ ಅಂತ ಒಳಗಿನ ಡ್ರೈವರ್‌ಗೂ ಗೊತ್ತು, ಹೊರಗಿನವ್ರಿಗೂ ಗೊತ್ತು, ಇಬ್ಬರೂ ಒಂದೇ ಮೆಮೊರಿ ಹಂಚ್ಕೊಂಡು ರಿಂಗ್‌ನಲ್ಲಿ ಪ್ಯಾಕೆಟ್ ಇಟ್ಟು ಒಂದು ಸಲ ತಟ್ಟಿ ಕರೆದ್ರೆ ರಾಶಿ ಪ್ಯಾಕೆಟ್ ಒಟ್ಟಿಗೆ ಹೋಗುತ್ತೆ. ಸಣ್ಣ ಮಿನಿ ಪಿಸಿ ಮೇಲೆ ಓಡಿಸೋರಿಗೆ ಈ ವ್ಯತ್ಯಾಸ ಟಾಪ್ ಕಮಾಂಡ್ ತೆಗೆದ್ರೆ ಕಣ್ಣಿಗೇ ಕಾಣುತ್ತೆ.

ನನ್ನ ಸೆಟಪ್ ಹೀಗಿದೆ. ಎನ್100 ಪ್ರೊಸೆಸರ್ ಇರೋ ಫ್ಯಾನಿಲ್ಲದ ಸಣ್ಣ ಡಬ್ಬಿ, ಇಂಟೆಲ್ ಐ226 ಪೋರ್ಟ್‌ಗಳು, ಮೇಲೆ ಪ್ರಾಕ್ಸ್‌ಮಾಕ್ಸ್. ಒಳಗೆ ಫ್ರೀಬಿಎಸ್‌ಡಿ 14ರ ಒಂದು ವಿಎಮ್, ಅದೇ ಮನೆಗೆಲ್ಲ ರೂಟರ್, ಪಿಎಫ್ ಅನ್ನೋ ಫೈರ್‌ವಾಲ್ ಹಾಕಿ ನ್ಯಾಟ್ ಮಾಡುತ್ತೆ, ಅಂದ್ರೆ ಮನೆಯ ಅಡ್ರೆಸ್‌ಗಳನ್ನ ಹೊರಗಿನ ಅಡ್ರೆಸ್‌ಗೆ ಬದಲಾಯ್ಸುತ್ತೆ. ವಿಟಿನೆಟ್0 ಹೊರಗಡೆಗೆ, ವಿಟಿನೆಟ್1 ಒಳಗಡೆಗೆ. ಅದೇ ಡಬ್ಬಿಯಲ್ಲಿ ಡೆಬಿಯನ್ ವಿಎಮ್‌ಗಳೂ ಇವೆ, ಫೋಟೋ ಬ್ಯಾಕಪ್ಪಿಗೆ, ಮನೆಯವ್ರ ಫೈಲ್ ಇಡೋಕೆ, ಹೀಗೆ. ಅವೆಲ್ಲ ಒಳಗಡೆ ಬ್ರಿಡ್ಜಿಗೆ, ಅಂದ್ರೆ ಹೋಸ್ಟ್ ಒಳಗಿನ ವರ್ಚುವಲ್ ಸ್ವಿಚ್‌ಗೆ, ಸೇರ್ಕೊಂಡಿವೆ, ವೈಫೈ ಆಕ್ಸೆಸ್ ಪಾಯಿಂಟೂ ಲ್ಯಾಪ್‌ಟಾಪೂ ಒಂದು ಪೋರ್ಟ್ ಮೂಲಕ ಅದೇ ಬ್ರಿಡ್ಜಿಗೆ ಬರುತ್ತೆ. ಈಗ ತುಂಬ ಜನ ಮಾಡೋ ಸೆಟಪ್ಪೇ ಇದು, ಹೊಸದೇನಿಲ್ಲ.

ಇನ್‌ಸ್ಟಾಲ್ ಬಗ್ಗೆ ಹೇಳೋಕೆ ಏನೂ ಇಲ್ಲ ಅನ್ನೋದೇ ದೊಡ್ಡ ಹೊಗಳಿಕೆ. ಬೇರೆ ಡ್ರೈವರ್ ಹುಡುಕ್ಬೇಕಾಗಿಲ್ಲ, ಬೂಟ್ ಆಗ್ತಿದ್ದಂಗೆ ಡಿಮೆಸೇಜ್‌ನಲ್ಲಿ ವರ್ಟ್‌ಐಒ ನೆಟ್‌ವರ್ಕಿಂಗ್ ಅಡಾಪ್ಟರ್ ಅಂತ ಸಾಲು ಬರುತ್ತೆ, ಕೆಳಗೆ ಮ್ಯಾಕ್ ಅಡ್ರೆಸ್, ಲಿಂಕ್ ಅಪ್ ಅಂತ ಬರುತ್ತೆ, ಮುಗೀತು. ಐಎಫ್‌ಕಾನ್ಫಿಗ್ ಕೊಟ್ರೆ ಮೀಡಿಯಾ ಸಾಲಲ್ಲಿ 10 ಗಿಗಾಬಿಟ್ ಅಂತ ತೋರ್ಸುತ್ತೆ, ಅದು ನೋಡಿ ಯಾರೂ ಹಿಗ್ಗೋದೂ ಬೇಡ ಕುಗ್ಗೋದೂ ಬೇಡ, ಅದು ತೋರಿಕೆಯ ನಂಬರ್ ಅಷ್ಟೇ, ನಿಜವಾದ ಸ್ಪೀಡ್ ನಿಮ್ಮ ಸಿಪಿಯು ಮತ್ತೆ ಕೆಳಗಿರೋ ನಿಜವಾದ ಪೋರ್ಟ್ ಎಷ್ಟು ಎಳೆಯುತ್ತೋ ಅಷ್ಟು.

ಈಗ ಬರ್ತೀನಿ ತೊಂದ್ರೆಗೆ. ಲಕ್ಷಣಗಳನ್ನ ಪೂರ್ತಿ ಬರೀತೀನಿ, ಯಾಕಂದ್ರೆ ನಿಮ್ಮ ಮನೇಲೂ ಇದೇ ಜೋಡಿ ಲಕ್ಷಣ ಇದ್ರೆ ಬೇರೆಲ್ಲೂ ಹುಡುಕೋದು ಬೇಡ. ಡೆಬಿಯನ್ ವಿಎಮ್‌ನಿಂದ 8.8.8.8ಗೆ ಪಿಂಗ್ ಮಾಡಿದ್ರೆ ಸೊಗಸಾಗಿ ಹೋಗುತ್ತೆ, ಒಂದೂ ಡ್ರಾಪ್ ಇಲ್ಲ. ಹೆಸರು ಹಾಕಿ ಪಿಂಗ್ ಮಾಡಿದ್ರೂ ಹೋಗುತ್ತೆ, ಅಂದ್ರೆ ರೂಟರ್‌ನಲ್ಲಿರೋ ಡಿಎನ್‌ಎಸ್ ಉತ್ತರ ಕೊಡ್ತಿದೆ. ರೂಟರ್‌ಗೆ ಎಸ್‌ಎಸ್‌ಎಚ್ ಮಾಡಿದ್ರೆ ಅದೂ ಆಗುತ್ತೆ. ಆದ್ರೆ ಡೆಬಿಯನ್ ಪ್ಯಾಕೇಜ್ ಪಟ್ಟಿ ತರೋ ಆಪ್ಟ್ ಅಪ್‌ಡೇಟ್ ಕೊಟ್ರೆ ಸೊನ್ನೆ ಪರ್ಸೆಂಟಲ್ಲಿ ಕೂತ್ಕೊಂಡು ಬಿಡುತ್ತೆ. ಪೇಜ್ ತರೋ ಕರ್ಲ್ ಕಮಾಂಡ್ ಹಾಕಿದ್ರೆ ಟೈಮ್‌ಔಟ್. ಡಿಎನ್‌ಎಸ್ ವಿಚಾರಿಸೋ ಡಿಗ್ ಕಮಾಂಡಲ್ಲಿ ಸೀದಾ 8.8.8.8ಅನ್ನೇ ಕೇಳಿದ್ರೆ ಅದಕ್ಕೂ ಉತ್ತರ ಇಲ್ಲ, ರೂಟರ್‌ನ ಕೇಳಿದ್ರೆ ಮಾತ್ರ ಉತ್ತರ. ಇನ್ನೊಂದು ಕಡೆ ರೂಟರ್ ವಿಎಮ್‌ನಲ್ಲೇ ಕೂತು ಫೆಚ್ ಮಾಡಿದ್ರೆ ಪೇಜ್ ಬರುತ್ತೆ. ಲ್ಯಾಪ್‌ಟಾಪಲ್ಲಿ ಬ್ರೌಸರ್ ತೆಗೆದ್ರೆ ಅಲ್ಲೂ ಬರುತ್ತೆ, ದೊಡ್ಡ ಡೌನ್‌ಲೋಡ್ ಹಾಕಿದಾಗ ಮಾತ್ರ ಬಸವನಹುಳು.

ನೋಡಿ, ಇದೇ ಜನರನ್ನ ದಾರಿ ತಪ್ಪಿಸೋದು. ಪಿಂಗ್ ಬಂತು ಅಂದ್ರೆ ರೂಟಿಂಗ್ ಸರಿ ಇದೆ, ಹೆಸರು ಬಂತು ಅಂದ್ರೆ ಡಿಎನ್‌ಎಸ್ ಸರಿ ಇದೆ, ಲ್ಯಾಪ್‌ಟಾಪಲ್ಲಿ ಪೇಜ್ ಬಂತು ಅಂದ್ರೆ ನ್ಯಾಟೂ ಸರಿ ಇದೆ, ಹಾಗಾದ್ರೆ ತಪ್ಪು ಡೆಬಿಯನ್‌ದೇ ಅಂತ ಎಲ್ಲರೂ ಆ ವಿಎಮ್ ಮೇಲೆ ಬೀಳ್ತಾರೆ. ಅದನ್ನ ಅಳಿಸಿ ಮತ್ತೆ ಹಾಕ್ತಾರೆ, ಅದೇ ಕಥೆ. ನಾನು ಹೇಳೋದು ಇಷ್ಟೇ, ಪಿಂಗ್ ಅನ್ನೋದು ಐಸಿಎಂಪಿ, ಅದರ ಚೆಕ್‌ಸಮ್ ಯಾರೂ ಕಾರ್ಡಿಗೆ ಬಿಟ್ಟಿರಲ್ಲ, ಕಳ್ಸೋನೇ ಹಾಕಿ ಕಳಿಸ್ತಾನೆ. ಟಿಸಿಪಿ ಯುಡಿಪಿ ಚೆಕ್‌ಸಮ್‌ನ ಮಾತ್ರ ಕಾರ್ಡಿಗೆ ಬಿಡ್ತಾರೆ. ಪಿಂಗ್ ಹೋಗಿ ಟಿಸಿಪಿ ಒಂದೂ ಹೋಗ್ಲಿಲ್ಲ ಅಂದ್ರೆ ಆ ಒಂದು ವ್ಯತ್ಯಾಸಾನೇ ಮೊದ್ಲು ಅನುಮಾನಿಸ್ಬೇಕು.

ಅನುಮಾನ ಬಂದ್ಮೇಲೆ ಸಾಕ್ಷಿ ಬೇಕು. ರೂಟರ್‌ನಲ್ಲಿ ಎರಡು ಟರ್ಮಿನಲ್ ತೆಗೆದು ಒಂದರಲ್ಲಿ ವಿಟಿನೆಟ್1 ಮೇಲೆ, ಇನ್ನೊಂದರಲ್ಲಿ ವಿಟಿನೆಟ್0 ಮೇಲೆ ಟಿಸಿಪಿಡಂಪ್ (ಹೋಗಿ ಬರೋ ಪ್ಯಾಕೆಟ್ ತೋರ್ಸೋ ಕಮಾಂಡ್) ಹಾಕಿ, ವೆರ್ಬೋಸ್ ಆಪ್ಷನ್ ಕೊಡಿ, ಆಗಲೇ ಚೆಕ್‌ಸಮ್ ತೋರ್ಸೋದು. ಡೆಬಿಯನ್‌ನಿಂದ ಕರ್ಲ್ ಮಾಡಿ. ಒಳಗಡೆ ಸಿನ್ ಪ್ಯಾಕೆಟ್, ಅಂದ್ರೆ ಟಿಸಿಪಿ ಕನೆಕ್ಷನ್ ಶುರು ಮಾಡೋ ಮೊದಲ ಪ್ಯಾಕೆಟ್, ಬರೋದು ಕಾಣುತ್ತೆ, ಪಕ್ಕದಲ್ಲಿ ಚೆಕ್‌ಸಮ್ ಇನ್‌ಕರೆಕ್ಟ್ ಅಂತ ಬರೆದು ಇರ್ಬೇಕಾದ ನಂಬರ್ ಎಷ್ಟು ಅಂತ ಬಾಣದ ಗುರುತು ಹಾಕಿ ತೋರ್ಸುತ್ತೆ. ಹೊರಗಡೆ ಇಂಟರ್‌ಫೇಸ್‌ನಲ್ಲೂ ಅದೇ ಸಿನ್, ಸೋರ್ಸ್ ಅಡ್ರೆಸ್ ಮಾತ್ರ ನ್ಯಾಟ್ ಆಗಿ ಬದಲಾಗಿದೆ, ಅಲ್ಲೂ ಇನ್‌ಕರೆಕ್ಟ್. ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ ಸಿನ್, ಎರಡು ಬಿಟ್ಟು ಮತ್ತೆ, ನಾಲ್ಕು ಬಿಟ್ಟು ಮತ್ತೆ. ವಾಪಸ್ ಒಂದೂ ಬರಲ್ಲ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಇದನ್ನ ಗಮನ ಇಟ್ಟು ಓದಿ. ಕಳ್ಸೋ ಮೆಷಿನ್‌ನಲ್ಲೇ ಟಿಸಿಪಿಡಂಪ್ ಹಾಕಿದ್ರೆ ಎಲ್ಲಾ ಸರಿ ಇದ್ರೂ ಇನ್‌ಕರೆಕ್ಟ್ ಅಂತಾನೇ ತೋರ್ಸುತ್ತೆ, ಯಾಕಂದ್ರೆ ಪ್ಯಾಕೆಟ್ ಕಾರ್ಡಿಗೆ ಹೋಗೋಕೆ ಮುಂಚೆನೇ ಅದು ಕಾಪಿ ಮಾಡ್ಕೊಳ್ಳೋದು, ಚೆಕ್‌ಸಮ್ ತುಂಬೋದು ಆಮೇಲೆ. ಆದ್ರಿಂದ ಆ ಒಂದು ಪದ ನೋಡಿ ತೀರ್ಮಾನಕ್ಕೆ ಬರ್ಬಾರ್ದು. ನಿಜವಾದ ಸಾಕ್ಷಿ ಬೇಕಂದ್ರೆ ಪ್ಯಾಕೆಟ್ ಹೋಗಿ ಸೇರೋ ಕಡೆ ನೋಡ್ಬೇಕು. ಹೊರಗಡೆ ಇನ್ನೊಂದು ಮೆಷಿನ್ ನಿಮ್ಮದೇ ಇದ್ರೆ ಅಲ್ಲಿ ಕ್ಯಾಪ್ಚರ್ ಮಾಡಿ, ಅಲ್ಲಿಗೆ ಬಂದ ಪ್ಯಾಕೆಟಲ್ಲೂ ಇನ್‌ಕರೆಕ್ಟ್ ಇದ್ರೆ ಆಗ ಅದು ತಪ್ಪೇ. ಆ ಮೆಷಿನ್ ಫ್ರೀಬಿಎಸ್‌ಡಿ ಆಗಿದ್ರೆ ಇನ್ನೂ ಸುಲಭ, ನೆಟ್‌ಸ್ಟ್ಯಾಟ್‌ಗೆ ಎಸ್ ಆಪ್ಷನ್ ಕೊಟ್ಟು ಟಿಸಿಪಿ ಭಾಗ ನೋಡಿ, ಡಿಸ್ಕಾರ್ಡೆಡ್ ಫಾರ್ ಬ್ಯಾಡ್ ಚೆಕ್‌ಸಮ್ಸ್ ಅಂತ ಒಂದು ಕೌಂಟರ್ ಇದೆ. ಒಂದೊಂದು ಕರ್ಲಿಗೂ ಅದು ಏರ್ತಿದ್ರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿಲ್ಲ.

ಯಾಕೆ ಹಿಂಗಾಗುತ್ತೆ ಅನ್ನೋದು ನಂಗೆ ಈ ಡ್ರೈವರ್ ಬಗ್ಗೆ ಅತ್ಯಂತ ಇಷ್ಟವಾದ ವಿಷಯ, ಬಿಡಿಸಿ ಹೇಳ್ತೀನಿ. ಡೆಬಿಯನ್ ವಿಎಮ್‌ಗೂ ವರ್ಟ್‌ಐಒ ಕಾರ್ಡೇ. ಅದು ಟಿಸಿಪಿ ಪ್ಯಾಕೆಟ್ ಮಾಡಿ ಚೆಕ್‌ಸಮ್ ಜಾಗದಲ್ಲಿ ಅರ್ಧ ಲೆಕ್ಕ ಮಾತ್ರ ಬರೆದಿಡುತ್ತೆ, ಐಪಿ ಅಡ್ರೆಸ್ ಮತ್ತೆ ಉದ್ದದ ಲೆಕ್ಕ ಅಷ್ಟೇ, ಒಳಗಿನ ಡೇಟಾ ಲೆಕ್ಕ ಸೇರ್ಸಿರಲ್ಲ. ಪ್ಯಾಕೆಟ್ ಮುಂದೆ ವರ್ಟ್‌ಐಒದು ಒಂದು ಪುಟಾಣಿ ಹೆಡರ್ ಇರುತ್ತೆ, ಅದರಲ್ಲಿ ಇದಕ್ಕೆ ಚೆಕ್‌ಸಮ್ ಬೇಕು, ಇಲ್ಲಿಂದ ಲೆಕ್ಕ ಶುರು ಮಾಡಿ, ಇಲ್ಲಿ ಬರೀರಿ ಅಂತ ಗುರುತು ಹಾಕಿ ಹೋಸ್ಟಿಗೆ ಕೊಡುತ್ತೆ. ಆ ಪ್ಯಾಕೆಟ್ ನಿಜವಾದ ಕೇಬಲ್‌ಗೆ ಹೋಗೋದಿದ್ರೆ ಹೋಸ್ಟೋ ಅಥವಾ ನಿಜವಾದ ಕಾರ್ಡೋ ಲೆಕ್ಕ ಮುಗಿಸಿ ಕಳ್ಸುತ್ತೆ. ಆದ್ರೆ ಇಲ್ಲಿ ಅದು ಕೇಬಲ್‌ಗೆ ಹೋಗ್ತಿಲ್ಲ, ಬ್ರಿಡ್ಜ್ ಮೂಲಕ ಪಕ್ಕದ ವಿಎಮ್‌ಗೆ ಹೋಗ್ತಿದೆ. ಮೆಮೊರಿಯಿಂದ ಮೆಮೊರಿಗೆ ಹೋಗೋ ಪ್ಯಾಕೆಟ್ ದಾರೀಲಿ ಕೆಡೋದೇನಿದೆ, ಸುಮ್ನೆ ಯಾಕೆ ಲೆಕ್ಕ ಮಾಡೋದು ಅಂತ ಹೋಸ್ಟ್ ಹಾಗೇ ದಾಟಿಸುತ್ತೆ. ಇದರಲ್ಲಿ ತಪ್ಪಿಲ್ಲ, ಅದು ಸಿಪಿಯು ಉಳಿಸೋ ಜಾಣತನ.

ಈಗ ವಿಟಿನೆಟ್ ಅದನ್ನ ತಗೊಂಡು ಗುರುತು ನೋಡಿ ಈ ಡೇಟಾ ನಂಬಬಹುದು ಅಂತ ಮಾರ್ಕ್ ಮಾಡುತ್ತೆ. ಪ್ಯಾಕೆಟ್ ರೂಟರ್‌ಗೇ ಬಂದಿದ್ದಾದ್ರೆ, ಅಂದ್ರೆ ಎಸ್‌ಎಸ್‌ಎಚ್ ಇರ್ಬಹುದು, ರೂಟರ್‌ನ ಡಿಎನ್‌ಎಸ್ ಇರ್ಬಹುದು, ಕಥೆ ಅಲ್ಲಿಗೆ ಸುಖಾಂತ್ಯ, ಕೆರ್ನಲ್ ಚೆಕ್‌ಸಮ್ ನೋಡೋಕೂ ಹೋಗಲ್ಲ. ಆದ್ರೆ ಅದು ಮುಂದಕ್ಕೆ ಹೋಗ್ಬೇಕಾದ ಪ್ಯಾಕೆಟ್ ಆಗಿದ್ರೆ ಪಿಎಫ್ ಅಡ್ರೆಸ್ ಬದಲಾಯ್ಸಿ, ಬದಲಾದಷ್ಟಕ್ಕೆ ಮಾತ್ರ ಚೆಕ್‌ಸಮ್ ತಿದ್ದಿ, ವಿಟಿನೆಟ್0ಗೆ ಕೊಡುತ್ತೆ. ಮೊದ್ಲಿದ್ದ ಲೆಕ್ಕವೇ ಅರ್ಧ, ಅದನ್ನ ತಿದ್ದಿದ್ರೆ ಬರೋದೂ ಅರ್ಧಾನೇ. ಇನ್ನೂ ಪೂರ್ತಿ ಮಾಡ್ಬೇಕು ಅನ್ನೋ ಗುರುತು ಫಾರ್ವರ್ಡ್ ಆಗೋ ದಾರೀಲಿ ಉಳಿದಿರಲ್ಲ. ಸರ್ಕಾರಿ ಆಫೀಸಲ್ಲಿ ಸೀಲ್ ಬೀಳದ ಅರ್ಜಿ ಇದ್ದಂಗೆ, ಒಳಗಿನ ಟೇಬಲ್ಲಿಂದ ಟೇಬಲ್ಲಿಗೆ ನಮ್ಮವ್ರದ್ದೇ ಬಿಡಿ ಅಂತ ದಾಟಿ ಹೋಗುತ್ತೆ, ಹೊರಗಿನ ಆಫೀಸಿಗೆ ಹೋದ್ಮೇಲೆ ಅಲ್ಲಿಯವ್ರು ಮುಟ್ಟೋದೂ ಇಲ್ಲ. ದೂರದ ಸರ್ವರ್ ಆ ಸಿನ್‌ನ ಸದ್ದಿಲ್ದೆ ಬಿಸಾಕುತ್ತೆ, ಒಂದು ಎರರ್ ಕೂಡ ವಾಪಸ್ ಕಳ್ಸಲ್ಲ, ನಾವು ಇಲ್ಲಿ ಕಾಯ್ತಾ ಕೂತಿರ್ತೀವಿ.

ಲ್ಯಾಪ್‌ಟಾಪ್ ಯಾಕೆ ಓಡ್ತು ಅನ್ನೋದೂ ಇದರಲ್ಲೇ ಇದೆ. ಅದರ ಪ್ಯಾಕೆಟ್ ಗಾಳೀಲೋ ಕೇಬಲ್‌ನಲ್ಲೋ ಬಂದಿದ್ದು, ಅಲ್ಲೇ ಚೆಕ್‌ಸಮ್ ಪೂರ್ತಿ ಆಗಿರುತ್ತೆ. ದೊಡ್ಡ ಡೌನ್‌ಲೋಡ್ ಮಾತ್ರ ಯಾಕೆ ತೆವಳ್ತು ಅಂದ್ರೆ, ಹೊರಗಿಂದ ಒಂದೇ ಸಮ ಬರೋ ಪ್ಯಾಕೆಟ್‌ಗಳನ್ನ ಲಿನಕ್ಸ್ ಹೋಸ್ಟ್ ಜಿಆರ್‌ಒ ಅನ್ನೋ ವ್ಯವಸ್ಥೆಯಲ್ಲಿ ಒಟ್ಟುಗೂಡಿಸುತ್ತೆ, ಹಾಗೆ ಕೂಡಿಸಿದಾಗ ಅವೂ ಚೆಕ್‌ಸಮ್ ಅರ್ಧ ಇರೋ ಜಾತಿಗೆ ಸೇರ್ಕೊಳ್ತವೆ. ಒಂಟಿಯಾಗಿ ಬಂದ ಸಣ್ಣ ಪ್ಯಾಕೆಟ್‌ಗೆ ಆ ಭಾಗ್ಯ ಇಲ್ಲ, ಅದು ಸಲೀಸಾಗಿ ಹೋಗುತ್ತೆ. ಕನೆಕ್ಷನ್ ಆಗುತ್ತೆ, ಸಣ್ಣ ಪೇಜ್ ಬರುತ್ತೆ, ದೊಡ್ಡ ಫೈಲ್ ನರಳುತ್ತೆ. ಈ ಲಕ್ಷಣ ಇಷ್ಟು ಚೆನ್ನಾಗಿ ಕಾರಣಕ್ಕೆ ಹೊಂದೋದು ನೋಡಿದಾಗ ನಂಗೆ ಖುಷಿ ಆಗಿತ್ತು, ಈಗ್ಲೂ ಆಗುತ್ತೆ.

ಪರಿಹಾರ ಅಂತೂ ಒಂದು ಸಾಲು. ಬೂಟ್ ಫೋಲ್ಡರ್ ಒಳಗಿರೋ ಲೋಡರ್ ಡಾಟ್ ಕಾನ್ಫ್ ಫೈಲ್ ತೆಗೆದು ಎಚ್‌ಡಬ್ಲ್ಯೂ ಡಾಟ್ ವಿಟಿನೆಟ್ ಡಾಟ್ ಸಿಸಮ್ ಅಂಡರ್‌ಸ್ಕೋರ್ ಡಿಸೇಬಲ್ ಅನ್ನೋ ಟ್ಯೂನಬಲ್‌ಗೆ (ಬೂಟ್ ಹೊತ್ತಲ್ಲಿ ಓದೋ ಸೆಟ್ಟಿಂಗ್‌ಗೆ) 1 ಕೊಟ್ಟು ರೀಬೂಟ್ ಮಾಡಿ. ಎಲ್ಲಾ ಕಾರ್ಡಿಗೂ ಬೇಡ, ಒಂದಕ್ಕೆ ಮಾತ್ರ ಸಾಕು ಅಂದ್ರೆ ವಿಟಿನೆಟ್ ಆದ್ಮೇಲೆ ಆ ಕಾರ್ಡಿನ ನಂಬರ್ ಸೇರ್ಸಿ ಬರೀಬಹುದು. ಲೋಡರ್‌ನಲ್ಲೇ ಹಾಕಿ ಅಂತ ಒತ್ತಿ ಹೇಳೋಕೆ ಕಾರಣ ಇದೆ, ವರ್ಟ್‌ಐಒನಲ್ಲಿ ಯಾವ್ಯಾವ ಸೌಲಭ್ಯ ಬೇಕು ಅನ್ನೋ ಮಾತುಕತೆ ಡ್ರೈವರ್ ಏಳೋ ಹೊತ್ತಲ್ಲೇ ಹೋಸ್ಟ್ ಜೊತೆ ಆಗಿಹೋಗುತ್ತೆ, ಆಗಲೇ ನಂಗೆ ಚೆಕ್‌ಸಮ್ ಆಫ್‌ಲೋಡ್ ಬೇಡ ಅಂತ ಹೇಳಿದ್ರೆ ಹೋಸ್ಟ್ ತಾನೇ ಲೆಕ್ಕ ಮುಗಿಸಿ ಪೂರ್ತಿ ಪ್ಯಾಕೆಟ್ ಕೊಡುತ್ತೆ. ಟಿಎಸ್‌ಒ (ಕಳ್ಸೋ ದೊಡ್ಡ ಪ್ಯಾಕೆಟ್‌ನ ಕಾರ್ಡೇ ತುಂಡು ಮಾಡೋದು) ಮತ್ತೆ ಎಲ್‌ಆರ್‌ಒ ಎರಡೂ ಚೆಕ್‌ಸಮ್ ಆಫ್‌ಲೋಡ್ ಮೇಲೇ ನಿಂತಿರೋದು, ಇದು ಹೋದ್ರೆ ಅವೂ ಹೋಗ್ತವೆ, ರೂಟರ್‌ಗೆ ಅದೂ ಒಳ್ಳೇದೇ, ಯಾಕಂದ್ರೆ ಎಲ್‌ಆರ್‌ಒ ಅನ್ನೋದು ಪ್ಯಾಕೆಟ್ ಸೇರ್ಸಿ ದೊಡ್ಡದು ಮಾಡೋದು, ಪ್ಯಾಕೆಟ್ ತಾನೇ ತಿನ್ನೋ ಸರ್ವರ್‌ಗೆ ಅದು ಸರಿ, ಮುಂದಕ್ಕೆ ದಾಟಿಸ್ಬೇಕಾದ ರೂಟರ್‌ಗೆ ಅದು ಭಾರ.

ರೀಬೂಟ್ ಮಾಡೋ ಹಾಗಿಲ್ಲ, ಈಗ್ಲೇ ಒಂದು ಸಲ ಪರೀಕ್ಷೆ ಮಾಡ್ಬೇಕು ಅಂದ್ರೆ ಐಎಫ್‌ಕಾನ್ಫಿಗ್‌ನಲ್ಲಿ ವಿಟಿನೆಟ್1 ಹೆಸರು ಕೊಟ್ಟು ಆರ್‌ಎಕ್ಸ್‌ಸಿಸಮ್ (ಬರೋ ಪ್ಯಾಕೆಟ್‌ನ ಚೆಕ್‌ಸಮ್ ಆಫ್‌ಲೋಡ್), ಟಿಎಕ್ಸ್‌ಸಿಸಮ್ (ಹೋಗೋ ಪ್ಯಾಕೆಟ್‌ದು), ಟಿಎಸ್‌ಒ, ಎಲ್‌ಆರ್‌ಒ ನಾಲ್ಕಕ್ಕೂ ಮುಂದೆ ಮೈನಸ್ ಹಾಕಿ ಕೊಡಿ. ಎಸ್‌ಎಸ್‌ಎಚ್‌ನಲ್ಲಿ ಇದ್ದಾಗ ಇದನ್ನ ಮಾಡಿದ್ರೆ ಕಾರ್ಡ್ ಒಂದು ಕ್ಷಣ ಕೆಳಗೆ ಹೋಗಿ ಬರಬಹುದು, ಪ್ರಾಕ್ಸ್‌ಮಾಕ್ಸ್ ಕನ್ಸೋಲ್ ತೆಗೆದಿಟ್ಕೊಂಡು ಮಾಡೋದು ಒಳ್ಳೇದು. ಡೆಬಿಯನ್‌ನಲ್ಲಿ ಸಿಕ್ಕಾಕೊಂಡಿದ್ದ ಆಪ್ಟ್ ತಾನಾಗೇ ಹರಿಯೋಕೆ ಶುರು ಮಾಡಿದ್ರೆ ಕಾರಣ ಸಿಕ್ಕಂಗೆ. ಆಮೇಲೆ ಲೋಡರ್‌ನಲ್ಲಿ ಹಾಕಿ ಖಾಯಂ ಮಾಡಿ. ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಅನ್ನೋ ಫ್ರೀಬಿಎಸ್‌ಡಿ ಮೇಲಿನ ರೆಡಿ ಫೈರ್‌ವಾಲ್ ಓಡಿಸೋರಿಗೆ ಇದೆಲ್ಲ ವೆಬ್ ಪೇಜಲ್ಲೇ ಟಿಕ್ ಬಾಕ್ಸ್ ಆಗಿ ಇದೆ, ಹಾರ್ಡ್‌ವೇರ್ ಚೆಕ್‌ಸಮ್ ಆಫ್‌ಲೋಡ್ ಡಿಸೇಬಲ್ ಅಂತ. ಟಿಕ್ ಇದ್ರೆ ಆಫ್, ಟಿಕ್ ಇಲ್ದಿದ್ರೆ ಆನ್, ಇದನ್ನ ಉಲ್ಟಾ ಓದ್ಕೊಳ್ಳೋರು ತುಂಬ ಜನ ಇದ್ದಾರೆ ಹುಷಾರು. ಪಿಎಫ್‌ಸೆನ್ಸ್‌ನವ್ರ ಪ್ರಾಕ್ಸ್‌ಮಾಕ್ಸ್ ಗೈಡಲ್ಲಿ ವರ್ಟ್‌ಐಒ ಕಾರ್ಡ್ ಹಾಕಿದ್ರೆ ಇದನ್ನ ಆಫ್ ಮಾಡ್ಲೇಬೇಕು ಅಂತ ಬರೆದಿದ್ದಾರೆ.

ಇದರಿಂದ ಸ್ಪೀಡ್ ಕಮ್ಮಿ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಲೆಕ್ಕ ಸಿಪಿಯು ಮಾಡ್ಬೇಕು, ಹಾಗಾಗಿ ಖರ್ಚು ಸ್ವಲ್ಪ ಜಾಸ್ತಿ, ಅದು ಸುಳ್ಳಲ್ಲ. ಆದ್ರೆ ಮನೆ ಇಂಟರ್ನೆಟ್ ಲೈನ್ ತುಂಬಿಸೋಷ್ಟು ಟ್ರಾಫಿಕ್‌ಗೆ ನನ್ನ ಸಣ್ಣ ಡಬ್ಬಿಯಲ್ಲೂ ಅದು ಲೆಕ್ಕಕ್ಕೇ ಬರ್ಲಿಲ್ಲ. ಒಂದೇ ಹೋಸ್ಟ್ ಒಳಗಡೆ ವಿಎಮ್‌ನಿಂದ ವಿಎಮ್‌ಗೆ ರೂಟರ್ ಮೂಲಕ ದೊಡ್ಡ ದೊಡ್ಡ ಬ್ಯಾಕಪ್ ಎಳೆಯೋರಿಗೆ ಕಾಣಬಹುದು, ಅಂಥವ್ರು ಆ ಎರಡು ವಿಎಮ್‌ನ ಒಂದೇ ಬ್ರಿಡ್ಜಲ್ಲಿ ಒಂದೇ ಸಬ್‌ನೆಟ್‌ಗೆ ಹಾಕಿದ್ರೆ ರೂಟರ್ ಮಧ್ಯ ಬರೋದೇ ಇಲ್ಲ. ಬರೀ ಸರ್ವರ್ ಆಗಿರೋ ಫ್ರೀಬಿಎಸ್‌ಡಿ ವಿಎಮ್‌ಗೆ ಇದನ್ನೆಲ್ಲ ಆಫ್ ಮಾಡ್ಬೇಡಿ, ಅಲ್ಲಿ ಆಫ್‌ಲೋಡ್ ಲಾಭವೇ, ಪ್ಯಾಕೆಟ್ ಅಲ್ಲೇ ಮುಗಿಯುತ್ತೆ.

ಈ ಕಾಯಿಲೆ ವಿಟಿನೆಟ್‌ಗೆ ಮಾತ್ರ ಅಂತಾನೂ ಅನ್ಕೋಬೇಡಿ. ಲಿನಕ್ಸ್‌ನಲ್ಲಿ ವಿಎಮ್‌ಗೆ ಡಿಎಚ್‌ಸಿಪಿ ಅಡ್ರೆಸ್ ಸಿಗ್ದೆ ಡಿಎಚ್‌ಕ್ಲೈಂಟ್ ಲಾಗಲ್ಲಿ ಬ್ಯಾಡ್ ಯುಡಿಪಿ ಚೆಕ್‌ಸಮ್ಸ್ ಅಂತ ಬರ್ತಿತ್ತು, ಹಳಬರಿಗೆ ನೆನಪಿರುತ್ತೆ, ಅದೂ ಇದೇ ಅರ್ಧ ಲೆಕ್ಕದ ಪ್ಯಾಕೆಟ್. ಅದನ್ನ ಸರಿ ಮಾಡೋಕೇ ಲಿನಕ್ಸ್ ಫೈರ್‌ವಾಲ್ ಐಪಿಟೇಬಲ್ಸ್‌ಗೆ ಚೆಕ್‌ಸಮ್ ತುಂಬೋ ಒಂದು ಟಾರ್ಗೆಟ್ ಸೇರ್ಸಿದ್ರು, ವಿಎಮ್ ನೋಡ್ಕೊಳ್ಳೋ ಲಿಬ್‌ವರ್ಟ್ ತನ್ನ ನೆಟ್‌ವರ್ಕ್‌ನಲ್ಲಿ ಡಿಎಚ್‌ಸಿಪಿಯ ಪೋರ್ಟ್ 68ಕ್ಕೆ ಆ ರೂಲ್ ತಾನೇ ಹಾಕ್ತಿತ್ತು. ಕಂಟೇನರ್‌ಗಳನ್ನ ನಡೆಸೋ ಕ್ಯುಬರ್ನೆಟಿಸ್‌ನಲ್ಲಿ ಫ್ಲಾನೆಲ್ ಅನ್ನೋ ನೆಟ್‌ವರ್ಕ್ ಸಾಫ್ಟ್‌ವೇರ್‌ನ ವಿಎಕ್ಸ್‌ಲ್ಯಾನ್ ಹಾಕಿದವ್ರಿಗೆ ಸರ್ವಿಸ್ ಉತ್ತರ ಕೊಡೋಕೆ ಸರಿಯಾಗಿ 63 ಸೆಕೆಂಡ್ ತಗೊಳ್ಳೋ ಒಂದು ಕಾಟ ಇತ್ತು, ಅಲ್ಲೂ ಆಫ್‌ಲೋಡ್‌ನಿಂದ ಚೆಕ್‌ಸಮ್ ಕೆಟ್ಟು ಸಿನ್ ಬಿದ್ದುಹೋಗ್ತಿತ್ತು. 63 ಯಾಕೆ ಅಂದ್ರೆ 1, 2, 4, 8, 16, 32 ಕೂಡಿ ನೋಡಿ, ಟಿಸಿಪಿ ಸಿನ್ ಮತ್ತೆ ಮತ್ತೆ ಕಳ್ಸೋಕೆ ಕಾಯೋ ಸಮಯ ಅದು. ಇಂಥ ನಿಖರವಾದ ನಂಬರ್ ಕಂಡ್ರೆ ಸಿನ್ ಎಲ್ಲೋ ಸಾಯ್ತಿದೆ ಅಂತ ಗೊತ್ತು ಮಾಡ್ಕೊಳ್ಳಿ.

ಎಂಟಿಯು, ಅಂದ್ರೆ ಲೈನಲ್ಲಿ ಹೋಗಬಹುದಾದ ಅತಿ ದೊಡ್ಡ ಪ್ಯಾಕೆಟ್ ಸೈಜ್, ಅದರ ತೊಂದ್ರೆ ಜೊತೆ ಇದನ್ನ ಕಲಸ್ಕೊಳ್ಳೋರು ಜಾಸ್ತಿ, ಅದ್ಕೆ ಅದೂ ಹೇಳ್ತೀನಿ. ನಮ್ಮ ಕಡೆ ಫೈಬರ್ ಲೈನ್ ಎಷ್ಟೋ ಕಡೆ ಪಿಪಿಪಿಒಇ (ಲಾಗಿನ್ ಹಾಕಿ ಲೈನ್ ಸೇರೋ ವಿಧಾನ) ಮೇಲೆ ಬರುತ್ತೆ, ಅದು 8 ಬೈಟ್ ತಿನ್ನುತ್ತೆ, 1500 ಇದ್ದಿದ್ದು 1492 ಆಗುತ್ತೆ. ಎಂಟಿಯು ತೊಂದ್ರೆ ಇದ್ರೆ ಟಿಸಿಪಿ ಕನೆಕ್ಷನ್ ಆಗೇ ಆಗುತ್ತೆ, ಸಿನ್ ಸಣ್ಣದಲ್ವಾ, ಆಮೇಲೆ ದೊಡ್ಡ ಪ್ಯಾಕೆಟ್ ಬಂದಾಗ ಪೇಜ್ ಅರ್ಧಕ್ಕೇ ನಿಲ್ಲುತ್ತೆ. ಚೆಕ್‌ಸಮ್ ತೊಂದ್ರೆ ಇದ್ರೆ ವಿಎಮ್‌ನಿಂದ ಕನೆಕ್ಷನ್ನೇ ಆಗಲ್ಲ. ಅನುಮಾನ ಇದ್ರೆ ಫ್ರೀಬಿಎಸ್‌ಡಿ ಪಿಂಗ್‌ಗೆ ದೊಡ್ಡಕ್ಷರದ ಡಿ ಆಪ್ಷನ್ (ಪ್ಯಾಕೆಟ್ ತುಂಡು ಮಾಡ್ಬೇಡಿ ಅಂತ) ಕೊಟ್ಟು ಸೈಜ್ 1464 ಹಾಕಿ, ಅದಕ್ಕೆ ಐಪಿ, ಐಸಿಎಂಪಿ ಹೆಡರ್‌ನ 28 ಸೇರ್ಸಿದ್ರೆ 1492, ಅದು ಹೋಗಿ 1465 ಹೋಗ್ಲಿಲ್ಲ ಅಂದ್ರೆ ನಿಮ್ಮ ಲೈನ್ 1492ರದ್ದು. ರೂಟರ್‌ನಲ್ಲಿ ಪಿಎಫ್‌ನ ಮ್ಯಾಕ್ಸ್ ಎಂಎಸ್‌ಎಸ್ (ಒಂದು ಟಿಸಿಪಿ ಪ್ಯಾಕೆಟಲ್ಲಿ ಹೋಗೋ ಡೇಟಾದ ಮಿತಿ) ಹಾಕಿದ್ರೆ ಅದು ಬಗೆಹರಿಯುತ್ತೆ.

ಬೇರೆ ದಾರಿಗಳನ್ನೂ ನೋಡಿದ್ದೀನಿ. ಇ1000 ಹಾಕಿದ್ರೆ ತಕ್ಷಣ ಓಡುತ್ತೆ, ಅದ್ಕೇ ಎಲ್ಲರೂ ವರ್ಟ್‌ಐಒ ಬಿಡಿ ಇ1000 ಹಾಕಿ ಅಂತ ಸಲಹೆ ಕೊಡ್ತಾರೆ. ನಂಗೆ ಆ ಸಲಹೆ ಒಂಚೂರೂ ಇಷ್ಟ ಇಲ್ಲ. ಒಂದು ಸಾಲಿನ ಸೆಟ್ಟಿಂಗ್‌ಗೆ ಬದಲಾಗಿ ಜೀವನಪೂರ್ತಿ ಸಿಪಿಯು ಸುಡೋದು ಯಾವ ನ್ಯಾಯ. ಜೊತೆಗೆ ಕಾರ್ಡಿನ ಹೆಸರು ಇಎಮ್0 ಆಗುತ್ತೆ, ಆರ್‌ಸಿ ಡಾಟ್ ಕಾನ್ಫ್, ಪಿಎಫ್ ರೂಲ್ ಎಲ್ಲಾ ತಿದ್ದಬೇಕು. ಇನ್ನೊಂದು ದಾರಿ ಪಿಸಿಐ ಪಾಸ್‌ಥ್ರೂ, ಐ226 ಪೋರ್ಟ್‌ನೇ ಸೀದಾ ವಿಎಮ್‌ಗೆ ಕೊಟ್ಟುಬಿಡೋದು, ಒಳಗೆ ಐಜಿಸಿ ಡ್ರೈವರ್ ನೋಡ್ಕೊಳ್ಳುತ್ತೆ. ಹೊರಗಡೆ ಪೋರ್ಟ್‌ಗೆ ಅದು ಒಳ್ಳೆ ಆಯ್ಕೆ, ಅದನ್ನ ನಾನು ಒಪ್ತೀನಿ. ಆದ್ರೆ ಆ ಪೋರ್ಟ್ ಬೇರೆ ಯಾವ ವಿಎಮ್‌ಗೂ ಸಿಗಲ್ಲ, ವಿಎಮ್‌ನ ಇನ್ನೊಂದು ಹೋಸ್ಟಿಗೆ ಓಡ್ತಿದ್ದಂಗೇ ಸಾಗಿಸೋಕೂ ಆಗಲ್ಲ.

ಕೊರತೆ ಅಂತ ಹೇಳೋದಾದ್ರೆ ನನ್ನ ದೂರು ಒಂದೇ. ಗೇಟ್‌ವೇ ಎನೇಬಲ್ ಮಾಡಿ ಫಾರ್ವರ್ಡಿಂಗ್ ಆನ್ ಆದಾಗ ಈ ಕಾರ್ಡಲ್ಲಿ ಆರ್‌ಎಕ್ಸ್ ಚೆಕ್‌ಸಮ್ ಆಫ್‌ಲೋಡ್ ಇನ್ನೂ ಆನ್ ಇದೆ ಅಂತ ಲಾಗಲ್ಲಿ ಒಂದು ಸಾಲು ಬರೆದಿದ್ರೆ ಸಾಕಿತ್ತು, ಎಷ್ಟು ಜನರ ರಾತ್ರಿ ಉಳೀತಿತ್ತು. ಮ್ಯಾನ್ ಪೇಜ್ ಮಾತ್ರ ಬಂಗಾರ, ಚಿಕ್ಕದು, ಟ್ಯೂನಬಲ್ ಒಂದೊಂದಕ್ಕೂ ಏನು ಮಾಡುತ್ತೆ ಅಂತ ನೇರವಾಗಿ ಬರೆದಿದ್ದಾರೆ, ಓದೋಕೆ ಒಂದು ಲೋಟ ಕಾಫಿ ಮುಗಿಯೋಷ್ಟು ಹೊತ್ತು ಸಾಕು. ಬಾಡಿಗೆ ವಿಪಿಎಸ್ ಮೇಲೆ ಫ್ರೀಬಿಎಸ್‌ಡಿ ಹಾಕೋರಿಗೂ ಈ ಪೇಜ್ ಓದಿರಿ ಅಂತೀನಿ, ಒಂದು ಕಂಪನಿಯ ಸಪೋರ್ಟ್‌ಗೆ ನಾನು ಟಿಕೆಟ್ ಹಾಕಿದಾಗ ಬಂದ ಉತ್ತರ "ಪಿಂಗ್ ಬರ್ತಿದೆ ಸರ್, ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ" ಅಂತ. ಕ್ಯಾಪ್ಚರ್ ಫೈಲ್ ಲಗತ್ತಿಸಿ, ಚೆಕ್‌ಸಮ್ ಸಾಲು ಎತ್ತಿ ತೋರ್ಸಿದ್ಮೇಲೆ ಮಾತಿನ ಧಾಟಿನೇ ಬದಲಾಯ್ತು. ಹಾಗಾಗಿ ಟಿಕೆಟ್ ಹಾಕೋವಾಗ ಬರೀ ಇಂಟರ್ನೆಟ್ ಬರ್ತಿಲ್ಲ ಅಂತ ಬರೀಬೇಡಿ, ಎರಡೂ ಕಡೆಯ ಟಿಸಿಪಿಡಂಪ್ ಹಾಕಿ.

ಓಪನ್‌ಬಿಎಸ್‌ಡಿಯಲ್ಲಿ ಇದೇ ಕೆಲ್ಸದ ಡ್ರೈವರ್ ಹೆಸರು ವಿಐಒ, ನೆಟ್‌ಬಿಎಸ್‌ಡಿಯಲ್ಲಿ ವಿಐಒಐಎಫ್. ಅವುಗಳನ್ನ ನಾನು ಇಷ್ಟು ಆಳಕ್ಕೆ ಬಳಸಿಲ್ಲ, ಆದ್ರಿಂದ ಮಾರ್ಕ್ಸ್ ಕೊಡಲ್ಲ. ವಿಟಿನೆಟ್‌ಗೆ ಸರ್ವರ್ ವಿಎಮ್‌ಗಾದ್ರೆ 5ಕ್ಕೆ 5, ರೂಟರ್ ವಿಎಮ್‌ಗಾದ್ರೆ ಆ ಒಂದು ಎಚ್ಚರಿಕೆಯ ಸಾಲು ಇಲ್ಲದ್ದಕ್ಕೆ 4. ಸಿಸ್ಟಮ್ ಅಪ್‌ಗ್ರೇಡ್ ಮಾಡಿದಾಗೆಲ್ಲ ರಿಲೀಸ್ ನೋಟ್ಸಲ್ಲಿ ವಿಟಿನೆಟ್ ಅಂತ ಹುಡುಕಿ, ಆಮೇಲೆ ಐಎಫ್‌ಕಾನ್ಫಿಗ್ ಕೊಟ್ಟು ಆಪ್ಷನ್ಸ್ ಸಾಲು ನೋಡಿ. ಅದರಲ್ಲಿ ಆರ್‌ಎಕ್ಸ್‌ಸಿಸಮ್ ಕಾಣಿಸ್ಲಿಲ್ಲ ಅಂದ್ರೆ ಟ್ಯೂನಬಲ್ ಕೆಲ್ಸ ಮಾಡ್ತಿದೆ, ಕಾಣಿಸ್ತು ಅಂದ್ರೆ ಲೋಡರ್ ಡಾಟ್ ಕಾನ್ಫ್ ತೆಗೆದು ಆ ಸಾಲು ಉಳಿದಿದೆಯಾ ನೋಡಿ.